ಕಟ್ಟೆಯ ಮೇಲೆ ತೂತುಬಿದ್ದ ಪೇಪರು

ಗೆಳೆಯರೇ, ಇಂದು ಬೆಳಿಗ್ಗೆ ಇಳಕಲ್ಲಿನ ನಮ್ಮ ಮನೆಗೆ ಬಂದ ಪೇಪರಿನ ನಡುವೆ ಕಣ್ಣಿನಗಲದ ಎರಡು ತೂತುಗಳಿದ್ದವು.

ಅಪ್ಪನದೇ ಕೆಲಸ ಎಂದುಕೊಂಡೆ. ಅರವತ್ತರ ದಶಕದ ಗೂಢಚಾರಿ ಹಾಸ್ಯಚಿತ್ರಗಳನ್ನು ಅಪ್ಪ ಈಗ ದಿನಾ ರಾತ್ರಿ ಫೋನಿನಲ್ಲಿ ನೋಡುತ್ತಾನೆ. ಅವುಗಳಲ್ಲಿ ಗೂಢಚಾರಿ ತೂತು ಮಾಡಿದ ಪೇಪರನ್ನು ಮುಖಕ್ಕೆ ಹಿಡಿದು ಕೂರುತ್ತಾನೆ. ಊರಿಗೆಲ್ಲ ಗೊತ್ತಾಗುತ್ತದೆ, ಖಳನಾಯಕನಿಗೆ ಮಾತ್ರ ಗೊತ್ತಾಗುವುದಿಲ್ಲ. ಅಪ್ಪ ಕೆಮ್ಮು ಬರುವವರೆಗೆ ನಗುತ್ತಾನೆ.

“ಅಪ್ಪಾ, ಇದಕ್ಕ ನೀನ ಕತ್ತರಿ ಹಾಕೀಯೇನು?”

“ನಾ ಮುಟ್ಟೇ ಇಲ್ಲೋ. ಬರೂವಾಗನ ಹಂಗ ಇತ್ತು,” ಎಂದ. ಈ ಸಲ ನಗಲಿಲ್ಲ.

ಪೇಪರನ್ನು ಮನೆ ಮುಂದಿನ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅಪ್ಪ ಅದನ್ನೇ ಮುಖಕ್ಕೆ ಹಿಡಿದು ಕೂತಿದ್ದ. ತೂತುಗಳೊಳಗಿಂದ ಎರಡು ಕಣ್ಣು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದವು.

“ಸಾಕು ಬಿಡಪ್ಪಾ, ಚಾ ಆರ್ತೈತಿ,” ಎಂದೆ.

“ಕುಡ್ಯಾಕತ್ತೇನಲ್ಲೋ,” ಎಂದು ಅಪ್ಪನ ದನಿ ಬಂತು. ಬಂದದ್ದು ನನ್ನ ಬೆನ್ನ ಹಿಂದಿನ ಅಡುಗೆಮನೆಯಿಂದ.

ಪೇಪರು ಮೆಲ್ಲಗೆ ಕೆಳಗಿಳಿಯಿತು. ಹಿಂದೆ ಇದ್ದವನು ನಾನು ಎಂದೂ ಕಾಣದ ಮನುಷ್ಯ. ಅದನ್ನು ಚೊಕ್ಕವಾಗಿ ಮಡಚಿ ನನ್ನ ಕೈಗಿಟ್ಟ.

“ನಿಮ್ಮಪ್ಪಾರು ರಾತ್ರಿ ಭಾಳ ನಗ್ತಾರ್ರಿ. ಆ ಕೆಮ್ಮಿಗೆ ಔಷಧ ಕೊಡಸ್ರಿ.”

ಅಷ್ಟು ಹೇಳಿ ರಸ್ತೆಗಿಳಿದು, ಹುನಗುಂದದ ಬಸ್ಸಿಗೆ ಕೈ ಮಾಡಿ ಹತ್ತಿಹೋದ.

“ನಾಳಿಂದ ಪೇಪರ್ ಬ್ಯಾಡ, ಫೋನಿನ್ಯಾಗ ಓದೂಣು,” ಎಂದು ಅಪ್ಪ ಹೇಳಿದ್ದಾನೆ. ಅದೇ ಸರಿ. ಫೋನಿನಲ್ಲಾದರೆ ನಮ್ಮನ್ನು ನೋಡುವವರಿಗೆ ತೂತು ಕೊರೆಯುವ ಕಷ್ಟವೂ ಇಲ್ಲ.