ಟೇಕಲ್ಲಿನ ಗಿಟಾರಿಗೆ ವಂದನಾರ್ಪಣೆ

ಪತ್ರಿಕೆಗಳಲ್ಲಿ ಆಗಾಗ ಒಂದು ಪಟ್ಟಿ ಬರುತ್ತದೆ: ಲೋಕ ಸರಿಯಾಗಿ ಗುರುತಿಸದೇ ಹೋದ ರಾಕ್ ಗಿಟಾರ್ ವಾದಕರು. ಗುರುತಿಸದೇ ಹೋದವರು ಎಂದು ಓದಿದ ಕೂಡಲೇ ನನ್ನ ಕರುಳು ಚುರುಕ್ ಎನ್ನುತ್ತದೆ. ಕೆಳಗೆ ನೋಡಿದರೆ ಆ ಪುಣ್ಯಾತ್ಮರಿಗೆ ಹತ್ತಾರು ಧ್ವನಿಮುದ್ರಿಕೆ, ಮೂರು ಮದುವೆ, ಸಮುದ್ರದ ದಂಡೆಯಲ್ಲಿ ಬಂಗಲೆ. ಇದು ಗುರುತಿಸದೇ ಹೋಗುವುದಾದರೆ ನಮ್ಮ ಟೇಕಲ್ಲಿನವನಿಗೆ ಆದದ್ದನ್ನು ಏನೆಂದು ಕರೆಯಬೇಕೋ ನಿಘಂಟು ಬರೆಯುವವರು ಹೇಳಬೇಕು. ಅವನನ್ನೂ ಪಟ್ಟಿಗೆ ಸೇರಿಸಿ ಎಂದು ಸಂಪಾದಕರಿಗೆ ಬರೆಯೋಣವೆಂದರೆ ಸಾಕ್ಷ್ಯ ಬೇಕು. ಸಾಕ್ಷ್ಯ ಹುಡುಕಿಕೊಂಡು ಹೋದ ಕಥೆಯೇ ಇದು. ಅವನ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ. ಅವನಿಗೆ ಅದು ರೂಢಿ.

ನಾನು ಮಾಲೂರಿನ ಆರ್ಕೆಸ್ಟ್ರಾ ಒಂದರಲ್ಲಿ ನಿರೂಪಕನಾಗಿದ್ದೆ. ಹಾಡಲು ಬಾರದ, ವಾದ್ಯ ಹಿಡಿಯಲಾರದ, ಹಾಗಂತ ವೇದಿಕೆ ಬಿಟ್ಟು ಇಳಿಯಲೂ ಒಪ್ಪದ ಮನುಷ್ಯನಿಗೆ ಕೊಡುವ ಹುದ್ದೆ ಅದು. ಹಗಲು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು. ಸಂಜೆ ಜರಿಯಂಚಿನ ಪಂಚೆ ಉಟ್ಟು “ಕಲಾರಸಿಕ ಮಹಾಜನಗಳೇ” ಎಂದು ಶುರು ಮಾಡಿದರೆ, ಮಹಾಜನಗಳು ಕುರ್ಚಿ ಎಳೆದುಕೊಳ್ಳುವ ಸದ್ದಿನಲ್ಲಿ ಅದು ಮುಳುಗಿಹೋಗುತ್ತಿತ್ತು. ಅವನು ಅದೇ ತಂಡದ ಗಿಟಾರಿನವನು, ನನಗಿಂತ ಎರಡು ವರ್ಷ ಚಿಕ್ಕವನು. ಟೇಕಲ್ಲಿನಿಂದ ರೈಲಿನಲ್ಲಿ ಬಂದು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕಾರ್ಯಕ್ರಮವಿದ್ದ ದಿನ ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದ. ಬೋಗಿಯಲ್ಲಿ ಯಾರಾದರೂ “ಏನಣ್ಣಾ ಅದು, ನೇಗಿಲಾ?” ಎಂದರೆ “ಹೂಂ ಕಣಣ್ಣ, ಉಳೋಕೆ ಹೋಗ್ತಿದೀನಿ” ಎನ್ನುತ್ತಿದ್ದ.

ಅವನಿಗೆ ಕಲಿಸಿದ್ದು ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಫಿಟ್ಟರಾಗಿ ನಿವೃತ್ತನಾಗಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕ. ಭಾನುವಾರ ಚರ್ಚು ಮುಗಿಸಿ ಬಂದು, ಜಗಲಿಯಲ್ಲಿ ಕೂತು, ಹೊರದೇಶದ ರಾಕ್ ಕ್ಯಾಸೆಟ್ಟು ಹಾಕಿ, ಒಂದೊಂದೇ ತುಣುಕು ಕೇಳಿಸಿ “ಈಗ ನೀನು” ಎನ್ನುತ್ತಿದ್ದನಂತೆ. ಮೊದಲ ದಿನವೇ ಶಿಷ್ಯನ ಬೆರಳು ಮುಟ್ಟಿ ನೋಡಿ ಬೆರಗಾದನಂತೆ. ತಂತಿ ಒತ್ತಿ ಒತ್ತಿ ಬೇರೆಯವರ ಬೆರಳು ಗಟ್ಟಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಇವನದು ಹೆಂಚು ಹೊತ್ತು ಮೊದಲೇ ಜಡ್ಡುಗಟ್ಟಿತ್ತು. ಕಾರ್ಖಾನೆಯೊಂದು ಲಲಿತಕಲೆಗೆ ಪ್ರೋತ್ಸಾಹ ಕೊಟ್ಟ ನಿದರ್ಶನ ನನಗೆ ಗೊತ್ತಿರುವಂತೆ ಇದೊಂದೇ.

ಆದರೆ ನಮ್ಮ ಕಡೆ ರಾಕ್ ಕೇಳುವವರು ಯಾರು? ಮದುವೆಯ ಆರತಕ್ಷತೆಗೆ ಬೇಕಾದದ್ದು ಸಿನಿಮಾ ಹಾಡು. ಪಲ್ಲವಿ, ಚರಣ, ನಡುವೆ ಒಂದಿಷ್ಟು ವಾದ್ಯ. ಆ ನಡುವಿನ ಜಾಗವೇ ಅವನಿಗೆ ಸಿಕ್ಕ ಜಮೀನು. ಮೊದಲನೆಯ ಸಲ ಸಿನಿಮಾದ ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ ಬಾರಿಸುತ್ತಿದ್ದ. ಎರಡನೆಯ ಚರಣಕ್ಕೆ ಮುಂಚೆ ಕಣ್ಣು ಮುಚ್ಚಿದನೆಂದರೆ ಮುಗಿಯಿತು, ಗಾಯಕ ಮಹಾಶಯ ಬಸ್ಸು ತಪ್ಪಿದವನ ಹಾಗೆ ಮೈಕು ಹಿಡಿದು ನಿಂತಿರಬೇಕಾಗುತ್ತಿತ್ತು. ಒಂದೇ ಸ್ವರವನ್ನು ತಂತಿಸಮೇತ ಎಳೆದು ಹಿಡಿದು, ಇನ್ನೇನು ಹರಿಯಿತು ಎನ್ನುವಾಗ ಬಿಟ್ಟುಕೊಡುತ್ತಿದ್ದ. ಕೇಳುತ್ತಿದ್ದವರ ಎದೆಯಲ್ಲಿ ಏನೋ ಕಳಚಿಕೊಂಡ ಹಾಗಾಗುತ್ತಿತ್ತು. ಕೇಳುತ್ತಿದ್ದವರು ಎಷ್ಟು ಜನ ಎಂಬುದು ಬೇರೆ ಮಾತು.

“ಕ್ಯಾಸೆಟ್ಟಲ್ಲಿ ಇದೆಲ್ಲಿದೆಯೋ?” ಎಂದು ಗಾಯಕ ಒಂದು ದಿನ ಜಗಳಕ್ಕೆ ನಿಂತ.

“ಕ್ಯಾಸೆಟ್ಟಲ್ಲಿ ನೀನೂ ಇಲ್ಲ. ಹಾಡ್ತಿಲ್ವಾ?” ಎಂದ ಇವನು.

ಅವನಿಗೆ ಸಂದ ಸಾರ್ವಜನಿಕ ಸನ್ಮಾನ ಒಂದೇ ಒಂದು. ಶ್ರೀನಿವಾಸಪುರದ ಒಂದು ಆರತಕ್ಷತೆಯಲ್ಲಿ ಅವನು ಬಾರಿಸುತ್ತಿದ್ದಾಗ, ಅಡುಗೆಯ ಭಟ್ಟರು ವಡೆ ಕರಿಯುವ ಜಾಲರಿ ಸಮೇತ ಹೊರಗೆ ಬಂದು ವೇದಿಕೆಯ ಪಕ್ಕ ನಿಂತರು. ಜಾಲರಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮುಗಿಯುವವರೆಗೆ ಅಲುಗಾಡಲಿಲ್ಲ. ಆಮೇಲೆ “ಅದನ್ನೇ ಇನ್ನೊಂದ್ಸಲ ಬಾರ್ಸಪ್ಪ” ಎಂದರು. ಅಂದು ಗಂಡಿನ ಕಡೆಯವರ ಎಲೆಗೆ ಬಿದ್ದ ವಡೆ ಇದ್ದಿಲಿನ ಬಣ್ಣಕ್ಕಿತ್ತು. ಕಲೆಗಾಗಿ ಇಷ್ಟು ತ್ಯಾಗ ಮಾಡಿದವರನ್ನು ನಾನು ಮತ್ತೆ ಕಂಡಿಲ್ಲ.

ಕೆಲವು ವರ್ಷಗಳ ಮೇಲೆ ತಂಡಕ್ಕೆ ಹೊಸ ಕೀಬೋರ್ಡು ಬಂತು. ಒಂದು ಗುಂಡಿ ಒತ್ತಿದರೆ ಗಿಟಾರು, ಇನ್ನೊಂದು ಒತ್ತಿದರೆ ಶಹನಾಯಿ, ಮೂರನೆಯದು ಒತ್ತಿದರೆ ನಾಯಿ ಬೊಗಳುತ್ತಿತ್ತು. ತನ್ನ ಸ್ಥಾನ ನಾಯಿಗಿಂತ ಎರಡು ಗುಂಡಿ ಆಚೆ ಎಂದು ತಿಳಿದ ಮೇಲೆ ಅವನು ಯಾರಿಗೂ ಏನೂ ಹೇಳದೆ ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಟೇಕಲ್ಲಿಗೆ ಹೋದ. ಆಮೇಲೆ ಹೊರಗೆ ತೆಗೆಯಲಿಲ್ಲ. ಅವನ ಮಗಳಿಗೆ ಆಗ ಇನ್ನೂ ಎರಡು ವರ್ಷ.

ಹೋದ ವರ್ಷ ಅವನು ತೀರಿಕೊಂಡ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಹಾಗೆಯೇ ಗೋಡೆಗೆ ಒರಗಿದನಂತೆ. ಹನ್ನೊಂದನೆಯ ದಿನದ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಅವನ ಮಗಳು ಟವೆಲು ಹಿಡಿದು ಪಕ್ಕದಲ್ಲಿ ನಿಂತಳು. ಈಗ ಕೋಲಾರದ ಆಸ್ಪತ್ರೆಯಲ್ಲಿ ನರ್ಸು.

“ದೊಡ್ಡಪ್ಪಾ, ಬಂದೋರೆಲ್ಲ ‘ನಿಮ್ಮಪ್ಪ ಎಂಥಾ ಗಿಟಾರು ಬಾರಿಸ್ತಿದ್ದ’ ಅಂತಾರೆ. ನಾನೊಂದ್ಸಲನೂ ಕೇಳಿಲ್ಲ.”

“ಮನೇಲಿ ಬಾರಿಸ್ಲೇ ಇಲ್ವೇನಮ್ಮ?”

“ಕೇಳಿದ್ರೆ ‘ತಂತಿ ತುಕ್ಕು ಹಿಡಿದಿದೆ ಕಣೇ’ ಅನ್ನೋರು. ಮೊದಲ್ನೇ ಸಂಬಳದಲ್ಲಿ ನಾನೇ ತಂತಿ ತಂದ್ಕೊಟ್ಟೆ. ಅದು ಕವರಲ್ಲೇ ಐತೆ. ಎಲ್ಲಾದ್ರೂ ರೆಕಾರ್ಡ್ ಸಿಗುತ್ತಾ ದೊಡ್ಡಪ್ಪ? ಒಂದು ಹಾಡಾದ್ರೂ ಸಾಕು.”

“ಸಿಗದೆ ಏನು! ನೂರಾರು ಮದುವೆ ಮಾಡಿದೀವಿ. ಪ್ರತಿಯೊಂದಕ್ಕೂ ವಿಡಿಯೋ ಆಗಿದೆ” ಎಂದು ವೇದಿಕೆಯ ಗತ್ತಿನಲ್ಲೇ ಆಶ್ವಾಸನೆ ಕೊಟ್ಟೆ.

ಮೊದಲು ಹೋದದ್ದು ಮಾಲೂರಿನ ಒಬ್ಬ ಹಳೆಯ ಮದುಮಗನ ಮನೆಗೆ. ಈಗ ತಲೆ ನುಣ್ಣಗಾಗಿ ಅಜ್ಜನಾಗಿದ್ದಾನೆ. ಟೇಪಿನಿಂದ ಸಿ.ಡಿ.ಗೆ ಇಳಿಸಿಕೊಂಡಿದ್ದ ಮದುವೆಯನ್ನು ಟಿ.ವಿ.ಗೆ ಹಾಕಿದ. ವೇದಿಕೆ ಬಂತು. ಅವನು ಬಂದ. ಬೆರಳುಗಳು ತಂತಿಯ ಮೇಲೆ ಹರಿದಾಡುತ್ತಿವೆ, ಕಣ್ಣು ಮುಚ್ಚಿದೆ, ಕತ್ತು ಒಂದು ಕಡೆಗೆ ವಾಲಿದೆ. ಕೇಳಿಸುತ್ತಿರುವುದು ಮಾತ್ರ ಯಾವುದೋ ಸಿನಿಮಾದ ಸೀಮಂತದ ಹಾಡು!

ಆಗ ನೆನಪಾಯಿತು. ನಮ್ಮ ಕಡೆ ಮದುವೆಯ ವಿಡಿಯೋದಲ್ಲಿ ಮದುವೆಯ ಸದ್ದನ್ನು ಉಳಿಸುವ ಪದ್ಧತಿಯೇ ಇಲ್ಲ. ಅಳುವ ಮಕ್ಕಳು, ಬಸ್ಸು ತಡವಾದದ್ದಕ್ಕೆ ಬೀಗರು ಎತ್ತಿದ ಜಗಳ, ಎಲ್ಲವನ್ನೂ ಒರೆಸಿ ಮೇಲೆ ಸಿನಿಮಾ ಹಾಡು ಕೂಡಿಸುತ್ತಾರೆ. ಅದಕ್ಕೆ ಮಿಕ್ಸಿಂಗ್ ಎಂದು ಗೌರವದ ಹೆಸರು. ಜೊತೆಗೆ ಅಲಂಕಾರವಾಗಿ ಕಮಲದ ಹೂವೊಂದು ಅರಳಿ ಅದರೊಳಗಿನಿಂದ ವಧು ಹೊರಬರುತ್ತಾಳೆ. ನಮ್ಮವನ ಗಿಟಾರಿನ ಕುತ್ತಿಗೆಯೂ ಒಮ್ಮೆ ಕಮಲದಿಂದ ಹೊರಬಂದು, ಏನೂ ನುಡಿಯದೆ ಮತ್ತೆ ಒಳಗೆ ಹೋಯಿತು.

ಕೋಲಾರದಲ್ಲಿ ನಾಲ್ಕು ಮನೆ ನೋಡಿದೆ. ನಾಲ್ಕರಲ್ಲೂ ಅವನಿದ್ದ, ನಾಲ್ಕರಲ್ಲೂ ಮೂಕ. ಪ್ರತಿ ಭಾನುವಾರ ಸಂಜೆ ಮಗಳ ಫೋನು ಬರುತ್ತಿತ್ತು. “ಸಿಕ್ತಾ ದೊಡ್ಡಪ್ಪ?” “ಹತ್ರ ಬಂದಿದೀವಮ್ಮ” ಎನ್ನುತ್ತಿದ್ದೆ.

ಮುಳಬಾಗಿಲಿನಲ್ಲಿ ಆ ಕಾಲದ ವಿಡಿಯೋದವನನ್ನೇ ಹಿಡಿದೆ. ಈಗ ಜೆರಾಕ್ಸ್ ಅಂಗಡಿ. ಮುಳಬಾಗಿಲಿನವರ ವಾಕ್ಯ ತೆಲುಗಿನಲ್ಲಿ ಹತ್ತಿ ಕನ್ನಡದಲ್ಲಿ ಇಳಿಯುತ್ತದೆ.

“ರಾ ಅಣ್ಣಾ! ಎನ್ನಿ ದಿನಾಲೈಂದಿ ನಿನ್ನ ನೋಡಿ!”

“ಮಿಕ್ಸಿಂಗ್‌ಗೆ ಮುಂಚಿನ ಟೇಪು ಒಂದಾದ್ರೂ ಇಟ್ಟಿದೀಯೇನಪ್ಪ?”

“ಅಯ್ಯೋ, ಅದ್ರ ಮೇಲೇ ಇನ್ನೊಂದು ಮದುವೆ ಹೊಡೀತಿದ್ವಿ. ಒಂದು ಟೇಪಲ್ಲಿ ನಾಕು ಮದುವೆ ಆಗೋದು. ಗಲಾಟೆ ಸೌಂಡು ಯಾರಿಗೆ ಬೇಕು ಹೇಳು?”

“ಗಲಾಟೆ ಅಲ್ಲವಯ್ಯ ಅದು, ಗಿಟಾರು.”

“ಈಗ ಹೇಳ್ತೀಯಲ್ಲಣ್ಣ! ಅವತ್ತು ನೀನೇ ಕ್ಯಾಸೆಟ್ ನೋಡಿ ‘ಕಮಲ ಬಾಗುಂದಿ’ ಅಂದಿದ್ದೆ.”

ಅಂದಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ, ಕಮಲ ಚೆನ್ನಾಗಿಯೇ ಇತ್ತು.

ಕೊನೆಗೆ ಶ್ರೀನಿವಾಸಪುರದಲ್ಲಿ ದೇವರು ಕಣ್ಣು ಬಿಟ್ಟ. ಅಲ್ಲೊಬ್ಬ ಮೈಕ್‌ಸೆಟ್ಟಿನ ಮುದುಕ. ಕಾರ್ಯಕ್ರಮ ನಡೆಯುವಾಗ ಆಂಪ್ಲಿಫೈಯರಿಗೆ ಟೇಪ್‌ರೆಕಾರ್ಡರು ಸಿಕ್ಕಿಸಿ ಮುದ್ರಿಸಿಕೊಳ್ಳುವ ಅಭ್ಯಾಸ ಅವನಿಗಿತ್ತು. ತಗಡಿನ ಟ್ರಂಕು ತೆರೆದು, ವೈರುಗಳ ಗಂಟು ಸರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು ತೆಗೆದ.

“ರಾಜ್ಯೋತ್ಸವದ ಪ್ರೋಗ್ರಾಮು. ಮಿಕ್ಕಿದ್ದೆಲ್ಲ ಹಾಳಾಯ್ತು ಮೇಷ್ಟ್ರೇ. ಇದೊಂದನ್ನ ಜೋಪಾನ ಮಾಡಿದೀನಿ, ಆ ಗಿಟಾರಿನ ಹುಡುಗನಿಗೋಸ್ಕರ.”

ನನ್ನ ಕಣ್ಣು ತುಂಬಿತು. “ಇಲ್ಲೇ ಹಾಕು, ಒಂದ್ಸಲ ಕೇಳೋಣ” ಎಂದೆ. ಮುದುಕ ನನ್ನ ಮುಖ ನೋಡಿ, “ಬೇಡ, ಮನೆಗೋಗಿ ಕೇಳಿ” ಎಂದ. ಸೌಜನ್ಯ ಎಂದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಟೇಕಲ್ಲಿಗೆ ಹೋದೆ. ಅವಳ ಅಮ್ಮ ಮಾಸ್ತಿಯ ತವರಿಗೆ ಹೋಗಿದ್ದರು. ಮಗಳು ಯಾರಿಂದಲೋ ಹಳೆಯ ಟೇಪ್‌ರೆಕಾರ್ಡರು ಕೇಳಿ ತಂದು, ಒರೆಸಿ, ಮಣೆಯ ಮೇಲೆ ಇಟ್ಟಿದ್ದಳು. ತಲೆಗೆ ಸ್ನಾನ ಮಾಡಿದ್ದಳು. ಕ್ಯಾಸೆಟ್ಟು ಹಾಕಿದೆವು. ಗರಗರ ಸದ್ದು, ಆಮೇಲೆ ಹಾಡು. ಪಲ್ಲವಿ ಮುಗಿಯಿತು. ಗಿಟಾರು ಬಂತು. ಚಿಕ್ಕದು, ಸಿನಿಮಾದ ಕ್ಯಾಸೆಟ್ಟಿನಲ್ಲಿ ಇರುವಂಥದ್ದೇ.

“ಇದೇನಾ?”

“ಇದಲ್ಲಮ್ಮ. ಇರು, ಮುಂದೆ ಬರುತ್ತೆ.”

ಚರಣ ಮುಗಿಯಿತು. ಗಿಟಾರು ಎದ್ದಿತು. ಒಂದು ಸ್ವರ ಮೆಲ್ಲಗೆ ಮೇಲಕ್ಕೆ ಹತ್ತತೊಡಗಿತು. ಅವಳು ನನ್ನ ಕೈ ಹಿಡಿದುಕೊಂಡಳು. ಆಗ ಟೇಪಿನೊಳಗಿಂದ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳಿಸಿತು.

“ಈ ಶುಭ ಸಂದರ್ಭದಲ್ಲಿ, ಕಾರ್ಯಕ್ರಮಕ್ಕೆ ತನು ಮನ ಧನಗಳಿಂದ ಸಹಕರಿಸಿದ ಸಮಸ್ತ ದಾನಿಗಳಿಗೆ ಹೃತ್ಪೂರ್ವಕ ವಂದನೆಗಳು. ಊಟದ ವ್ಯವಸ್ಥೆ ಮಾಡಿದ ಮಾವಿನ ಮಂಡಿಯ ಮಾಲೀಕರು, ಉಚಿತವಾಗಿ ಶಾಮಿಯಾನ ಒದಗಿಸಿದ…”

ನನ್ನ ದನಿ. ಸ್ಪಷ್ಟ ಉಚ್ಚಾರ, ಒಂದು ಒತ್ತಕ್ಷರವೂ ಜಾರಿಲ್ಲ. ಶಾಮಿಯಾನ ಆಯಿತು, ಸೀರಿಯಲ್ ಲೈಟು ಆಯಿತು, ನೀರಿನ ಟ್ಯಾಂಕರು ಆಯಿತು, ಪೊಲೀಸ್ ಇಲಾಖೆಯ ಸಹಕಾರ ಆಯಿತು. ಹಿಂದೆ ಎಲ್ಲೋ ದೂರದಲ್ಲಿ ಒಬ್ಬ ಮನುಷ್ಯ ಗಿಟಾರು ಬಾರಿಸುತ್ತಿದ್ದ.

ಎಲ್ಲ ಸಾರ್ವಜನಿಕ ಕಾರ್ಯಕ್ರಮಗಳಲ್ಲೂ ನಾವು ಹೀಗೆಯೇ ಮಾಡುತ್ತಿದ್ದೆವು. ಸಮಿತಿಯವರು ಚೀಟಿಗಳನ್ನು ತಂದು ಕೈಗೆ ತುರುಕುತ್ತಿದ್ದರು. ಹಾಡಿನ ಮೇಲೆ ಓದಿದರೆ ಗಾಯಕ ಮುನಿಸಿಕೊಳ್ಳುತ್ತಾನೆ. ಹಾಡು ಮುಗಿದ ಮೇಲೆ ಓದಿದರೆ ಜನ ಸಿಳ್ಳೆ ಹಾಕುತ್ತಾರೆ. ಗಿಟಾರಿನ ಹೊತ್ತಿನಲ್ಲಿ ಯಾರೂ ಹಾಡುತ್ತಿರುವುದಿಲ್ಲವಾದ್ದರಿಂದ ಅದು ಖಾಲಿ ಸಮಯ ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವನು ನಾನು. ಅವನು ಒಂದೇ ಒಂದು ಸಲ, ರೈಲಿಗೆ ಕಾಯುತ್ತ ಕೂತಿದ್ದಾಗ, “ಅಣ್ಣಾ, ನೀನು ಓದೋ ಲಿಸ್ಟಿಗೆ ಎಂಥ ಮ್ಯೂಸಿಕ್ ಕೊಡ್ತಿದೀನಿ ನೋಡು” ಎಂದಿದ್ದ. ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವನೂ ನಕ್ಕಿದ್ದ ಎಂದೇ ನನ್ನ ನೆನಪು, ಈಗ ಖಾತ್ರಿಯಿಲ್ಲ.

ಟೇಪು ನಿಲ್ಲಿಸಲು ಕೈ ಚಾಚಿದೆ. ಅವಳು ತಡೆದಳು. “ಇರಿ ದೊಡ್ಡಪ್ಪ.” ಹಿಂದಕ್ಕೆ ತಿರುಗಿಸಿ, ಸ್ಪೀಕರಿಗೆ ಕಿವಿ ಒತ್ತಿ ಮತ್ತೆ ಹಾಕಿದಳು. ಮುಗಿದ ಮೇಲೆ ಮುಖ ಎತ್ತಿದಳು. ಕೆನ್ನೆಯ ಮೇಲೆ ಸ್ಪೀಕರಿನ ಜಾಲರದ ಗುರುತು ಮೂಡಿತ್ತು.

“ನೀವು ಉಸಿರು ತಗೊಂಡಾಗ ಕೇಳ್ಸುತ್ತೆ.”

ಲೆಕ್ಕ ಹಾಕಿದಳು. ಇಡೀ ವಂದನಾರ್ಪಣೆಯಲ್ಲಿ ನಾನು ಒಂಬತ್ತು ಸಲ ಉಸಿರೆಳೆದುಕೊಂಡಿದ್ದೇನೆ. ಟ್ಯಾಂಕರಿನವರಿಗೂ ಪೊಲೀಸರಿಗೂ ನಡುವಿನದೇ ದೊಡ್ಡದು. ಬಹುಶಃ ಚೀಟಿ ತಿರುಗಿಸಿರಬೇಕು. ಅಲ್ಲಿ ಅವನು ಎಳೆದು ಹಿಡಿದ ಸ್ವರ ಪೂರ್ತಿ ಕೇಳಿಸುತ್ತದೆ. ಬಿಟ್ಟುಕೊಡುವುದು ಕೇಳಿಸುವುದಿಲ್ಲ.

“ಮಧ್ಯದಲ್ಲಿ ಏನು ಬಾರಿಸಿದ್ರು ದೊಡ್ಡಪ್ಪ? ನೀವು ಪಕ್ಕದಲ್ಲೇ ಇದ್ರಲ್ಲ. ಒಂಚೂರು ಗುನುಗಿ ತೋರ್ಸಿ.”

ಬಾಯಿ ತೆರೆದೆ. ಅವನಿಂದ ಮೂರಡಿ ದೂರದಲ್ಲಿ ನಿಂತಿದ್ದವನು ನಾನು. ಒಂದು ದಿನ ಬಾರಿಸಿದ್ದನ್ನು ಇನ್ನೊಂದು ದಿನ ಬಾರಿಸಿದವನಲ್ಲ ಅವನು. ಯಾವುದೋ ಮದುವೆಯದನ್ನು ತಂದು ಇಲ್ಲಿ ಕೂಡಿಸುವ ಹಾಗಿಲ್ಲ.

“ಗೊತ್ತಿಲ್ಲಮ್ಮ. ನಾನು ಓದ್ತಾ ಇದ್ದೆ.”

ಅವಳು ಟೇಪನ್ನು ಮತ್ತೊಮ್ಮೆ ಹಿಂದಕ್ಕೆ ತಿರುಗಿಸಿದಳು. ಗಿಟಾರು ಎದ್ದಿತು, ಹತ್ತತೊಡಗಿತು, ನಾನು ಗಂಟಲು ಸರಿಪಡಿಸಿಕೊಂಡೆ. ಮಣೆಯ ಆಚೆಗೊಬ್ಬರು ಈಚೆಗೊಬ್ಬರು ಬಗ್ಗಿ, ನಾವಿಬ್ಬರೂ ನಾನು ಬಾಯಿ ಮುಚ್ಚುವುದನ್ನೇ ಕಾಯುತ್ತ ಕೂತೆವು.