ಬೀಗರಿಗೂ ನನಗೂ ಒಂದೇ ಕೀಬೋರ್ಡು

ಯಾರಿಗಾದರೂ ‘ನೀವು ಹೇಳಿದ್ದು ತಪ್ಪು’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹರಿಹರದ ಕಾಲೇಜಿನಲ್ಲಿ ಗಣಿತ ಕಲಿಸುವವಳು ನಾನು; ವಿದ್ಯಾರ್ಥಿಗಳಿಗೆ ಮಾತ್ರ ಆ ಮಾತನ್ನು ಧಾರಾಳವಾಗಿ ಹೇಳುತ್ತೇನೆ. ಕ್ಲಾಸಿನ ಹೊಸ್ತಿಲು ದಾಟಿದರೆ ಮುಗಿಯಿತು, ‘ಇರ್ಲಿ ಬಿಡ್ರಿ’ ತಾನಾಗಿ ಬರುತ್ತದೆ. ಚಹಾಕ್ಕೆ ಸಕ್ಕರೆ ಮರೆತರೂ ಇರ್ಲಿ ಬಿಡ್ರಿ, ಬಸ್ಸಿನಲ್ಲಿ ಕಾಲು ತುಳಿದರೂ ಇರ್ಲಿ ಬಿಡ್ರಿ. ಮಗಳು ಸುಮಾಳ ನಿಶ್ಚಿತಾರ್ಥದ ದಿನ ದಾವಣಗೆರೆಯ ಬೀಗರು ರುದ್ರಪ್ಪನವರು, “ಮದುವಿ ಆದ್ಮೇಲೆ ಹುಡುಗಿ ಕೆಲ್ಸಕ್ಕ ಹೋಗೋದು ಯಾಕ್ರಿ, ಮನ್ಯಾಗ ಏನು ಕಡಿಮಿ ಐತೆ?” ಎಂದಾಗಲೂ ನಾನು ಅದನ್ನೇ ಅಂದುಬಿಟ್ಟೆ.

ಸುಮಾ ನಮ್ಮ ಕಾಲೇಜಿನ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ನನ್ನ ಮಾತು ಕೇಳಿ ಅವಳು ನನ್ನ ಮುಖ ನೋಡಿದಳು, ಅಷ್ಟೆ. ಮದುವೆಗೆ ಮೊದಲು ಇದನ್ನು ಬೀಗರ ಮುಂದೆ ಎತ್ತಲೇಬೇಕೆಂದು ಹಠ ತೊಟ್ಟೆ. ಹೇಗೆ ಎಂಬುದೊಂದೇ ತಿಳಿದಿರಲಿಲ್ಲ.

ಇಷ್ಟರಲ್ಲಿ ದಾವಣಗೆರೆಯಲ್ಲಿ ಕಂಪ್ಯೂಟರ್ ಕಾರ್ಯಾಗಾರವೊಂದು ಬಂತು. ಎರಡು ಸಾವಿರನೇ ಇಸವಿ ಬಂದೊಡನೆ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆಂದು ಪತ್ರಿಕೆಗಳು ಹೆದರಿಸುತ್ತಿದ್ದ ಕಾಲ. ನಮ್ಮ ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು. ಹೋಗಿ ನೋಡಿದರೆ, ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ರುದ್ರಪ್ಪನವರೂ ಬಂದು ಕೂತಿದ್ದಾರೆ! ಕಲಿಸಲು ಬಂದಿದ್ದ ಯುವಕ, ಇಬ್ಬರಿಗೆ ಒಂದು ಕಂಪ್ಯೂಟರ್ ಎಂದು ಚೀಟಿ ಎತ್ತಿಸಿದ. ಚೀಟಿಗೆ ಬೀಗತನವೇನು ಗೊತ್ತು? ನಮ್ಮಿಬ್ಬರನ್ನೂ ಒಂದೇ ಬೆಂಚಿಗೆ ಹಾಕಿತು.

ನಿಯಮ ಎರಡೇ. ಒಬ್ಬರು ಬರೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು, ತಪ್ಪು ಕಂಡ ಕೂಡಲೇ ಹೇಳಬೇಕು. ಮತ್ತೆ, ಪ್ರೋಗ್ರಾಂ ಬರೆಯುವ ಮೊದಲು ಅದು ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುವ ಪರೀಕ್ಷೆಯೊಂದನ್ನು ಕಂಪ್ಯೂಟರಿನಲ್ಲೇ ಬರೆಯಬೇಕು. ಪ್ರೋಗ್ರಾಮೇ ಇಲ್ಲವಲ್ಲ, ಪರೀಕ್ಷೆ ಫೇಲಾಗಿ ಪರದೆಯ ಮೇಲೆ ಕೆಂಪು ಪಟ್ಟಿ ಬರುತ್ತದೆ. ಆಮೇಲೆ ಪರೀಕ್ಷೆ ಪಾಸಾಗಿ ಪಟ್ಟಿ ಹಸಿರಾಗುವಷ್ಟು ಮಾತ್ರ ಪ್ರೋಗ್ರಾಂ ಬರೆಯಬೇಕು. ಅಂದರೆ ಮೊದಲು ಫೇಲಾಗದೆ ಮುಂದಿನ ಅಕ್ಷರ ಇಡುವಂತಿಲ್ಲ! ಫೇಲಾದವರನ್ನು ಬೈದೇ ಅಭ್ಯಾಸವಾದ ನನಗೆ ಇದು ಕಹಿ ಗುಳಿಗೆ. ಆದರೂ ಕಲಿತೇ ತೀರುತ್ತೇನೆಂದು ಸೆರಗು ಸಿಕ್ಕಿಸಿ ಕೂತೆ.

“ನೀವು ಬರೀರಿ,” “ಛೇ, ನೀವು ಬರೀರಿ” ಎನ್ನುವುದರಲ್ಲೇ ಬೆಳಿಗ್ಗೆ ಕಳೆಯಿತು. ಪಕ್ಕದ ಜೋಡಿಗಳು ಜಗಳವಾಡುತ್ತ ಮುಂದೆ ಹೋದವು. ನಾವು ಗೌರವದಿಂದ ಹಿಂದೆ ಉಳಿದೆವು.

ಮಧ್ಯಾಹ್ನ ಕೊಟ್ಟ ಲೆಕ್ಕ, ಅಧಿಕ ವರ್ಷ ಯಾವುದೆಂದು ಹೇಳುವ ಪ್ರೋಗ್ರಾಂ. ನಮ್ಮ ಪಂಚಾಂಗದವರು ಉದಾರಿಗಳು, ಲೆಕ್ಕ ಹಿಂದೆ ಬಿದ್ದರೆ ಇಡೀ ಒಂದು ಅಧಿಕ ಮಾಸವನ್ನೇ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಇಂಗ್ಲಿಷ್ ಕ್ಯಾಲೆಂಡರಿನವರು ಜಿಪುಣರು. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಕೊಡುತ್ತಾರೆ, ಶತಮಾನ ತುಂಬುವ ವರ್ಷದಲ್ಲಿ ಅದನ್ನೂ ಕಸಿಯುತ್ತಾರೆ, ನಾನೂರು ವರ್ಷಕ್ಕೊಮ್ಮೆ ಮಾತ್ರ ಮನಸ್ಸು ಕರಗಿ ಕಸಿಯದೆ ಬಿಡುತ್ತಾರೆ. ರುದ್ರಪ್ಪನವರಿಗೆ ಈ ಕೊನೆಯ ಕರುಣೆ ಗೊತ್ತಿರಲಿಲ್ಲ. “ನೂರರಿಂದ ಭಾಗ ಹೋದ್ರೆ ಅಧಿಕ ವರ್ಷ ಅಲ್ಲ, ಮುಗೀತ್ರಿ,” ಎಂದು ಬರೆದು ಬೀಗಿದರು. ನನಗೆ ತಪ್ಪು ಕಂಡಿತು. ‘ಇರ್ಲಿ ಬಿಡ್ರಿ’ ತುಟಿಯವರೆಗೆ ಬಂತು. ನುಂಗಿಕೊಂಡು, ಕೀಬೋರ್ಡು ಎಳೆದುಕೊಂಡು, ಎರಡು ಸಾವಿರನೇ ಇಸವಿ ಅಧಿಕ ವರ್ಷ ಎಂದು ಒಂದು ಪರೀಕ್ಷೆ ಬರೆದೆ. ಪಟ್ಟಿ ಕೆಂಪಾಯಿತು.

“ಇದ್ಯಾಕ್ರಿ?”

“ನಾನೂರರಿಂದ ಭಾಗ ಹೋದ್ರೆ ಅಧಿಕ ವರ್ಷಾನೇ ರೀ.”

“ಗೊತ್ತಿದ್ದೂ ಬಾಯಿಬಿಟ್ಟು ಹೇಳ್ಲಿಲ್ಲಲ್ರಿ!”

“ಬೀಗರಿಗೆ ತಪ್ಪು ಅಂತ ಹೆಂಗೆ ಹೇಳೋದ್ರಿ?”

ಅವರು ಬೆಂಚು ಅಲುಗುವಂತೆ ನಕ್ಕರು. “ಎಲ್ಲಾ ಬರ್ದು ಮುಗಿದ ಮೇಲೆ ತಪ್ಪು ಎಲ್ಲೈತೆ ಅಂತ ಹುಡುಕ್ತಿದ್ವಿ? ಇನ್ಮ್ಯಾಲೆ ಕಂಡಾಗ್ಲೇ ಹೇಳ್ಬೇಕು ನೋಡ್ರಿ.”

ಈಗ ಬಿಟ್ಟರೆ ಇನ್ನೆಂದೂ ಆಗದು ಅನ್ನಿಸಿತು. “ಹಂಗಾದ್ರೆ ಇನ್ನೊಂದೈತ್ರಿ. ಸುಮಾ ಕೆಲ್ಸ ಬಿಡ್ಲಿ ಅಂದ್ರಲ್ಲ, ಅದೂ ತಪ್ಪು. ಪಾಠ ಮಾಡೋದು ಬಿಟ್ರೆ ಆಕಿ ಸೊರಗಿ ಹೋಗ್ತಾಳ್ರಿ. ಮದುವಿ ಆದ್ಮೇಲೆ ತಿದ್ದೋದು ಕಷ್ಟ, ಅದಕ್ಕ ಈಗ್ಲೇ ಹೇಳ್ತೀನಿ.”

ರುದ್ರಪ್ಪನವರ ನಗು ನಿಂತಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಸಂಬಂಧ ಮುರಿದೇಹೋಯಿತು ಅಂದುಕೊಂಡೆ.

“ನಮ್ಮನ್ಯಾಕಿ ಮನಸ್ಸಿನ್ಯಾಗ ಹಂಗೈತೆ ಅನ್ಕೊಂಡು ಅಂದೆ ರೀ,” ಎಂದರು ಮೆಲ್ಲಗೆ. “ಆಕಿನ್ನ ಕೇಳಿಲ್ಲ. ಕೇಳೋ ಧೈರ್ಯ ನನಗಿಲ್ಲ. ಇವತ್ತು ಮನಿಗೆ ಬರ್ರಿ. ನೀವು ಹೇಳ್ರಿ, ನಾನು ಪಕ್ಕದಾಗ ಕೂತಿರ್ತೀನಿ.”

ಸಂಜೆ ಹರಿಹರದ ಬಸ್ಸು ಹಿಡಿಯುವುದು ಬಿಟ್ಟು ಅವರ ಮನೆಗೆ ಹೋದೆ. ಅವರ ಹೆಂಡತಿ ಶಾಂತಮ್ಮನವರು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಹೇಳಿದೆ, ಬೀಗರು ಪಕ್ಕದಲ್ಲಿ ಕೂತು ಗೋಣು ಹಾಕಿದರು. ಆಕೆ ಸೌಟು ಹಿಡಿದೇ ಇಬ್ಬರನ್ನೂ ನೋಡಿದರು.

“ಹೋಗ್ಲಿ, ಕಲಿಸ್ಲಿ. ನಾನು ಯಾವಾಗ ಬ್ಯಾಡ ಅಂದೆ? ಅಲ್ಲ, ಇಷ್ಟು ಹೇಳೋಕೆ ಇಬ್ಬರು ಬೇಕಾಯ್ತಾ?”

ಕಾರ್ಯಾಗಾರ ಮುಗಿಸಿ ಬಂದ ಮೇಲೆ ನಮ್ಮ ಪ್ರಿನ್ಸಿಪಾಲರೂ ಇದನ್ನೇ ಕೇಳಿದರು: ಒಂದು ಸಣ್ಣ ಪ್ರೋಗ್ರಾಮಿಗೆ ಇಬ್ಬರು ಯಾಕೆ ಬೇಕಮ್ಮ? ಅದೇ ಹೊತ್ತಿಗೆ ಸುಮಾ ಶಾಲೆಗೆ ಹೊರಟು ಕಿಟಕಿಯಾಚೆ ರಸ್ತೆ ದಾಟುತ್ತಿದ್ದಳು.

“ಬೇಕೇ ಬೇಕಾಯ್ತು ಸರ್,” ಎಂದೆ.