ಗಾರ್ಗಿ ಮತ್ತು ಬರ್ಚ್ ಮರದ ಪರಾಗ

ಗಾರ್ಗಿ ಬೆಳೆದದ್ದು ಸಿಂಗಪುರದ ಜುರಾಂಗ್ ಈಸ್ಟ್‌ನಲ್ಲಿ. ಚಳಿಗೆ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಕಾಡನ್ನು ಅವಳು ಮೊದಲು ಕಂಡದ್ದು ಪಿಎಚ್.ಡಿ.ಗೆಂದು ಫಿನ್‌ಲೆಂಡಿಗೆ ಹೋದಾಗ. ಬಿಳಿ ತೊಗಟೆಯ ಬರ್ಚ್ ಮರ ಅವಳ ವಿಷಯ. ಅಮ್ಮ ವೇದಾವತಿ ನೆಂಟರಿಗೆಲ್ಲ ‘ಭೂರ್ಜಪತ್ರದ ಮೇಲೆ ರಿಸರ್ಚ್’ ಎಂದೇ ಹೇಳಿಕೊಂಡಿದ್ದರು. ಅದು ಹಿಮಾಲಯದ್ದು, ಇದು ಅದರ ದಾಯಾದಿ ಎಂದು ಮಗಳು ಎಷ್ಟು ತಿದ್ದಿದರೂ ಬಿಟ್ಟಿರಲಿಲ್ಲ.

ಬರ್ಚ್ ಒಂದು ವಸಂತದಲ್ಲಿ ಮೈತುಂಬ ಹೂ ಬಿಟ್ಟರೆ ಮರುವರ್ಷ ಕೈ ಬಿಗಿ ಹಿಡಿಯುತ್ತದೆ. ಇಡೀ ಕಾಡು ಮಾತಾಡಿಕೊಂಡಂತೆ ಒಟ್ಟಿಗೇ ಹೀಗೆ ಮಾಡುವುದೇಕೆ ಎಂಬುದು ಗಾರ್ಗಿಯ ಪ್ರಶ್ನೆ. ಅದಕ್ಕಾಗಿ ಮೇ ತಿಂಗಳಲ್ಲಿ ಏಣಿ ಹತ್ತಿ, ಜೋತುಬಿದ್ದ ಗಂಡು ಹೂಗೊಂಚಲುಗಳನ್ನು ಎಣಿಸುತ್ತಿದ್ದಳು. ಕೊಂಬೆ ಅಲುಗಿದರೆ ಪರಾಗ ಹಳದಿ ಹೊಗೆಯಂತೆ ಏಳುತ್ತಿತ್ತು. ಮೂರನೆಯ ವಸಂತದಲ್ಲಿ ಸೀನು ಶುರುವಾಯಿತು. ಆಮೇಲೆ ಸೇಬು ತಿಂದರೆ ತುಟಿ ತುರಿಸತೊಡಗಿತು. ಬರ್ಚ್ ಪರಾಗದಲ್ಲಿರುವಂಥದ್ದೇ ಒಂದು ಪ್ರೋಟೀನ್ ಸೇಬಿನಲ್ಲೂ ಇರುತ್ತದೆ, ದೇಹ ಎರಡನ್ನೂ ಒಂದೇ ಶತ್ರುವೆಂದು ತಿಳಿಯುತ್ತದೆ ಎಂದು ಓದಿ ತಿಳಿದುಕೊಂಡಳು. ಸೇಬು ಬಿಟ್ಟಳು. ಗೈಡ್‌ಗೆ ಹೇಳಿದರೆ ಕಾಡಿಗೆ ಕಳಿಸಲಾರರೆಂದು ಸುಮ್ಮನಿದ್ದು, ಮಾತ್ರೆ ನುಂಗಿಕೊಂಡು ಏಣಿ ಹತ್ತಿದಳು.

ಜೂನ್‌ನಲ್ಲಿ ರಜೆಗೆ ಮನೆಗೆ ಬಂದಳು. ಒಂದು ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಓಡಿ, ಬೆವರಿನಲ್ಲಿ ತೊಯ್ದು, ತಿಂಡಿ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರಿಗೆ ಬಂದಾಗ ಅಪ್ಪ ಅಮ್ಮ ಟೇಬಲ್ ಹಿಡಿದು ಕೂತಿದ್ದರು. ಅಪ್ಪ ಅಶ್ವತ್ಥನಾರಾಯಣ ಜುರಾಂಗ್ ಐಲ್ಯಾಂಡ್‌ನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಎಂಜಿನಿಯರ್. ಗಾರ್ಗಿ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ತಣ್ಣನೆಯ ಸೋಯಾ ಹಾಲನ್ನು ಗಟಗಟ ಕುಡಿದಳು.

ಮೊದಲು ನಾಲಿಗೆ ಜುಮುಗುಟ್ಟಿತು. ಅಂಗೈ ತುರಿಸಿತು, ಕಿವಿ ಬಿಸಿಯಾಯಿತು. ಬಿಸಿಲಲ್ಲಿ ಓಡಿದ್ದಕ್ಕೆ ಹೀಗೆ ಎಂದು ಅಮ್ಮ ನೀರು ಹಿಡಿದರು. ನುಂಗಲು ಹೋದರೆ ಗಂಟಲು ಒಪ್ಪಲಿಲ್ಲ. ಆಗ ಹೊಳೆಯಿತು: ಅವಳು ಓದಿದ್ದರಲ್ಲಿ ಸೇಬಿನ ಜೊತೆ ಸೋಯಾ ಹಾಲಿನ ಹೆಸರೂ ಇತ್ತು.

“ಸೋಯಾ,” ಎಂದಳು. ದನಿ ಒಡೆದಿತ್ತು. “ಅಲರ್ಜಿ. ಬರ್ಚ್‌ದೇ ಪ್ರೋಟೀನ್ ಇದು.”

“ಸೋಯಾನಾ? ಚಿಕ್ಕವಳಿದ್ದಾಗಿಂದ ಕುಡೀತಿದೀಯಲ್ಲೇ,” ಎಂದರು ಅಮ್ಮ.

ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗೋಣವೆಂದು ಅಪ್ಪ ಅವಳ ತೋಳು ಹಿಡಿದು ಎಬ್ಬಿಸಹೋದರು. ಗಾರ್ಗಿ ಮೇಜನ್ನು ಬಿಗಿಯಾಗಿ ಹಿಡಿದುಕೊಂಡಳು. ಎದ್ದು ನಡೆದರೆ ರಕ್ತದೊತ್ತಡ ಕುಸಿಯಬಹುದೆಂದು ಅವಳಿಗೆ ಗೊತ್ತಿತ್ತು. ವಿವರಿಸಲು ಉಸಿರಿರಲಿಲ್ಲ.

“ನಡೀಬಾರ್ದು. ಆಂಬ್ಯುಲೆನ್ಸ್.”

ಕಾರ್ಖಾನೆಯವರಿಗೆಲ್ಲ ಅಪಾಯದ ಡ್ರಿಲ್ ಮಾಡಿಸುವ ಮನುಷ್ಯ ಫೋನ್ ಕೈಯಲ್ಲಿಟ್ಟುಕೊಂಡು, ಊದುತ್ತಿದ್ದ ಮಗಳ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಫೋನ್ ಕಿತ್ತುಕೊಂಡು ಕರೆ ಮಾಡಿದ್ದು ಅಮ್ಮ. ಬ್ಲಾಕ್ ನಂಬರ್ ಹೇಳುತ್ತಲೇ ಗಂಡನತ್ತ ತಿರುಗಿದರು.

“ರೀ, ನಿಂತ್ಕೊಂಡ್ ನೋಡ್ಬೇಡಿ. ಎದುರು ಬ್ಲಾಕಿನ ಕ್ಲಿನಿಕ್‌ಗೆ ಓಡಿ. ಡಾಕ್ಟರ್‌ನ ಇಲ್ಲಿಗೇ ಕರ್ಕೊಂಡ್ ಬನ್ನಿ.”

ಅವರು ಓಡಿದರು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಅಮ್ಮ ಮಗಳ ಬೆನ್ನನ್ನು ತಮ್ಮ ಎದೆಗೆ ಒರಗಿಸಿಕೊಂಡರು. ಒಂದೊಂದು ಉಸಿರೂ ಸಿಳ್ಳೆ ಹಾಕಿಕೊಂಡು ಒಳಗೆ ಹೋಗುತ್ತಿತ್ತು, ಮುಂದಿನದು ಅದಕ್ಕಿಂತ ಕಿರಿದಾಗುತ್ತಿತ್ತು. ಸುತ್ತಲಿನ ತಟ್ಟೆಗಳ ಸದ್ದು ದೂರವಾಯಿತು. ಸೋಯಾ ಅಂಗಡಿಯ ಆಂಟಿ ಬಂದು ಜನರನ್ನು ಹಿಂದೆ ಸರಿಸಿದರು. ಗಾರ್ಗಿಗೆ ಕಾಣುತ್ತಿದ್ದದ್ದು ಎದುರಿನ ಬ್ಲಾಕಿನ ದಾರಿಯೊಂದೇ. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಒಂದೇ ಚಪ್ಪಲಿಯಲ್ಲಿ ಅಪ್ಪ ಕಂಡರು, ಅವರ ಮುಂದೆ ಬಿಳಿ ಕೋಟಿನ ಡಾಕ್ಟರ್. ಆಕೆ ಏನನ್ನೂ ಕೇಳದೆ ಬಟ್ಟೆಯ ಮೇಲಿಂದಲೇ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅಮ್ಮನ ಕೈ ಅವಳ ಭುಜವನ್ನು ಕಚ್ಚಿ ಹಿಡಿದಿತ್ತು. ಬಳಿಕ ಒಂದು ಉಸಿರು ಪೂರ್ತಿ ಒಳಗಿಳಿಯಿತು. ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಅವಳು ಅಳುತ್ತಿದ್ದಳು.

ಮತ್ತೆ ಉಲ್ಬಣಿಸಬಹುದೆಂದು ಆಸ್ಪತ್ರೆಯಲ್ಲಿ ಒಂದು ದಿನ ಇರಿಸಿಕೊಂಡರು. ಸೋಯಾ ಹಾಲು ಮುಟ್ಟಕೂಡದು, ಅಡ್ರಿನಲಿನ್ ಇಂಜೆಕ್ಷನ್ ಪೆನ್ ಸದಾ ಜೊತೆಗಿರಬೇಕು, ಪರಾಗದಿಂದ ದೂರವಿರಬೇಕು ಎಂದರು. ಆ ಮರದ ಸಹವಾಸವೇ ಸಾಕು, ಸಿಂಗಪುರದಲ್ಲಿ ಮರಗಳಿಗೇನು ಬರವೇ ಎಂದು ಅಮ್ಮ ಹಟ ಹಿಡಿದರು. ಒಂದು ಸಂಜೆ ಅಪ್ಪ ಮಗಳ ಪಕ್ಕ ಕೂತು, “ನಾನು ಮಾಡ್ಸೋ ಡ್ರಿಲ್‌ನಲ್ಲಿ ನೀನಿರ್ಲಿಲ್ಲ ಕಣಮ್ಮ,” ಎಂದರು.

ಗಾರ್ಗಿ ಗೈಡ್‌ಗೆ ಎಲ್ಲವನ್ನೂ ಹೇಳಿದಳು. ಆಕೆ ಮೊದಲು ಸಿಟ್ಟಾದರು. ಆಗ ಗಾರ್ಗಿ ತಾನು ಯೋಚಿಸಿಟ್ಟದ್ದನ್ನು ಮುಂದಿಟ್ಟಳು. ಬರ್ಚ್‌ನ ಗಂಡು ಗೊಂಚಲುಗಳು ಮೂಡುವುದು ಹಿಂದಿನ ಬೇಸಿಗೆಯಲ್ಲೇ. ಚಳಿಗಾಲವಿಡೀ ಅವು ಬೋಳು ಕೊಂಬೆಗಳಲ್ಲಿ ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತವೆ. ಹಾಗಿದ್ದರೆ ಜನವರಿಯಲ್ಲೇ ಎಣಿಸಬಹುದಲ್ಲ. ಗೈಡ್ ಒಪ್ಪಿದರು, ಆದರೆ ವಸಂತದಲ್ಲಿ ಆ ಕಾಡಿನ ಹತ್ತಿರವೂ ಸುಳಿಯುವುದಿಲ್ಲವೆಂದು ಮಾತು ಪಡೆದರು.

ಅಮ್ಮ ಒಪ್ಪಲಿಲ್ಲ. ಆದರೂ ಪೆನ್ ಹಿಮದಲ್ಲಿ ಹೆಪ್ಪುಗಟ್ಟಬಾರದೆಂದು ಕೇಳಿದ ಮೇಲೆ, ಮೈಗೆ ಅಂಟಿಕೊಂಡಿರುವ ಹಾಗೆ ಅವಳ ಉಣ್ಣೆಯ ಬನಿಯನ್ನಿಗೆ ಒಳಜೇಬು ಹೊಲಿದು ಕೊಟ್ಟರು.

ಜನವರಿಯಲ್ಲಿ ಗಾರ್ಗಿ ಮೊದಲ ಮರಕ್ಕೆ ಏಣಿ ಒರಗಿಸಿದಳು. ಒಂದು ಕಣ ಪರಾಗವೂ ಇಲ್ಲವೆಂದು ತಿಳಿದಿತ್ತು. ಗಂಟಲಿಗೆ ಮಾತ್ರ ಅದು ತಿಳಿದಂತಿರಲಿಲ್ಲ. ಬಿಳಿ ತೊಗಟೆಗೆ ಕೈ ಊರಿ, ಉಸಿರು ಸರಾಗವಾಗುವವರೆಗೆ ನಿಂತಳು. ಆಮೇಲೆ ಹತ್ತಿ, ತೀರ ಕೆಳಗಿನ ಕೊಂಬೆಯಿಂದ ಎಣಿಕೆ ಶುರುಮಾಡಿದಳು.